ಭದ್ರಾ ಹಿನ್ನೀರಿನ ಹೊಳೆ ರೀವ



ಕಳೆದ ಏಪ್ರಿಲ್‌ನಲ್ಲಿ ತೋಟದ ಕೆಲಸ ತುಸು ಬಿಡುವಾದಾಗ ನಾವು ಕೆಲವರು ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹೋಗಿದ್ದೆವು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಒಳಗಿನ ಹಳ್ಳಗಳು ಬತ್ತಿದ್ದರಿಂದ ಆನೆಗಳೂ ಕಾಟಿಗಳೂ ಸಂಜೆ ನೀರಂಚಿಗೆ ಇಳಿದಿದ್ದವು. ಹುಲಿ ಕಾಣಲಿಲ್ಲ, ಕಾಣುವುದೆಂದು ನಾವೂ ನಂಬಿರಲಿಲ್ಲ.

ನಮ್ಮನ್ನು ಬಹು ಹೊತ್ತು ನಿಲ್ಲಿಸಿದ್ದು ಹೊಳೆ ರೀವ. ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲದ ಹಕ್ಕಿ. ಬೇಸಿಗೆಯಲ್ಲಿ ನೀರು ಇಳಿದು ಮೇಲೆದ್ದ ಬೋಳು ನಡುಗಡ್ಡೆಗಳಲ್ಲಿ ಇವು ಸಾವಿರಾರು ಸೇರುತ್ತವೆ. ಗೂಡು ಕಟ್ಟುವುದಿಲ್ಲ, ನೆಲದ ಸಣ್ಣ ಕುಳಿಯಲ್ಲಿ ಎರಡು ಮೂರು ಮೊಟ್ಟೆ, ಅಷ್ಟೆ. ಸುಡುಬಿಸಿಲಿನಲ್ಲಿ ಹಕ್ಕಿಯೇ ಅದಕ್ಕೆ ನೆರಳು. ದೋಣಿಯವರು ಅಲ್ಲಿ ಕಾಲಿಟ್ಟರೆ ಹಿಂಡೆಲ್ಲ ಮೇಲೇಳುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಜಲಾಶಯದ ಪೂರ್ಣ ಮಟ್ಟ 186 ಅಡಿ. ಕೆಳಗಿನ ಅಡಿಕೆ ತೋಟಗಳಿಗೂ ಗದ್ದೆಗಳಿಗೂ ನಾಲೆಯಲ್ಲಿ ನೀರು ಹರಿದಂತೆಲ್ಲ ನಡುಗಡ್ಡೆಗಳು ಬಯಲಾಗುತ್ತವೆ. ಅದಿಲ್ಲದೆ ರೀವಕ್ಕೆ ನೆಲವೇ ಇಲ್ಲ. ಆದರೆ ನೀರು ತೀರ ತಗ್ಗಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ ನರಿಗಳಿಗೆ ದಾರಿಯಾಗುತ್ತದೆ. ಮೇಲಿನ ಕಾಫಿ ಸೀಮೆಯವರ ಪಾಲೂ ಇದರಲ್ಲಿದೆ. ಪಲ್ಪರ್ ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುತ್ತ ನೀರಿನ ಆಮ್ಲಜನಕ ಹೀರಿ ಮೀನು ಸಾಯಿಸುತ್ತದೆ. ರೀವಕ್ಕೆ ಮೀನೇ ಊಟ. ಹೊಂಡ ತೋಡಿ ಆ ನೀರನ್ನು ತಿಳಿಗೊಳಿಸುವ ಖರ್ಚು ಹೊರೆಯೆಂದು ಗೊಣಗಿದವರಲ್ಲಿ ನಾವೂ ಇದ್ದೆವು.

ಮಳೆಗಾಲದಲ್ಲಿ ಭದ್ರೆ ಏರಿದಾಗ ನಡುಗಡ್ಡೆಗಳು ಒಂದೊಂದಾಗಿ ಮುಳುಗುತ್ತವೆ. ಅಷ್ಟರೊಳಗೆ ಮರಿಯ ರೆಕ್ಕೆ ಬಲಿಯಬೇಕು. ನಾವು ಹೊರಟಾಗ ಕೆಲವು ಮೊಟ್ಟೆಗಳು ಇನ್ನೂ ಒಡೆದಿರಲಿಲ್ಲ.