ಕಣ, ಕೊಟ್ಟಿಗೆಗಳಲ್ಲಿ ಮಂಗಗಳ ಉಪದ್ರವ

ಶಿಕಾರಿಪುರ ತಾಲ್ಲೂಕಿನ ಈಸೂರು 1942ನೆಯ ಇಸವಿಯ ಚಳವಳಿಯಿಂದ ನಾಡಿನಲ್ಲೆಲ್ಲ ಹೆಸರಾದ ಗ್ರಾಮ. ಆ ಸೀಮೆಯ ಬೇಸಾಯಗಾರರು ವರ್ಷವರ್ಷವೂ ಎದುರಿಸಬೇಕಾದ ವೈರಿಯು ಮಾತ್ರ ಬೇರೆಯೇ. ಬತ್ತವೂ ಮೆಕ್ಕೆಜೋಳವೂ ಕಣಕ್ಕೆ ಬರುವ ಹೊತ್ತಿಗೆ ಮಂಗಗಳ ಹಿಂಡು ಊರಂಚಿನ ಮರಗಳನ್ನು ಸೇರುತ್ತದೆ. ತೆನೆಯನ್ನು ಮುರಿದು ಅರ್ಧ ತಿಂದು ಅರ್ಧ ಬಿಸಾಡುವುದು, ಒಣಹಾಕಿದ ಕಾಳನ್ನು ದವಡೆಯ ಚೀಲಗಳಲ್ಲಿ ತುಂಬಿಕೊಂಡು ಓಡುವುದು, ಹಂಚು ಸರಿಸಿ ಕೊಟ್ಟಿಗೆಯೊಳಕ್ಕೆ ಇಳಿಯುವುದು, ಇವೇ ಅವುಗಳ ನಿತ್ಯಕರ್ಮ. ತಿಂದುದಕ್ಕಿಂತ ಕೆಡಿಸಿದುದೇ ಹೆಚ್ಚು. ಸರಿಸಿದ ಒಂದೇ ಹಂಚಿನ ಸಂದಿಯಿಂದ ಮುಂದಿನ ಮಳೆಗೆ ಕಣಜದ ಬತ್ತ ಮುಗ್ಗಿಹೋಗುವುದೂ ಉಂಟು.

ಬೆದರುಬೊಂಬೆ, ತಮಟೆ, ಪಟಾಕಿಗಳು ಕೆಲವು ದಿನ ಮಾತ್ರ ಕೆಲಸ ಮಾಡುವುವು. ಮಂಗವು ಮೋಸವನ್ನು ಬಹುಬೇಗ ತಿಳಿಯುವ ಪ್ರಾಣಿ. ಅದಕ್ಕಿಂತ ತಿನಿಸು ಸಿಕ್ಕದಂತೆ ಮಾಡುವುದೇ ಯುಕ್ತ. ಬಿಡಿಸಿದ ತೆನೆಯನ್ನು ಅಂದೇ ಒಳಗೆ ಸೇರಿಸಬೇಕು. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರಿಸಬೇಕು. ಹಂಚಿನ ಕೆಳಗೆ ತಂತಿಯ ಬಲೆಯನ್ನು ಬಿಗಿಸಬೇಕು. ಸುಗ್ಗಿಯ ಕಾಲದಲ್ಲಿ ಮನೆಗೊಬ್ಬರಂತೆ ಸರದಿಯ ಕಾವಲು ಏರ್ಪಡಿಸುವುದು ಊರ ಮುಖಂಡರ ಕೆಲಸ. ಭಕ್ತಿಯಿಂದಲೋ ವಿನೋದಕ್ಕಾಗಿಯೋ ಬಾಳೆಹಣ್ಣು ಹಾಕುವವರಿಗೆ ಬುದ್ಧಿ ಹೇಳುವುದು ಇವೆಲ್ಲಕ್ಕಿಂತ ಕಷ್ಟವಾದ ಕೆಲಸ. ಅದನ್ನೂ ಅವರೇ ಮಾಡತಕ್ಕದ್ದು. ಹಿಡಿಸಿ ದೂರದ ಕಾಡಿನಲ್ಲಿ ಬಿಡಿಸುವುದರಿಂದ ತೊಂದರೆಯು ನೆರೆಯೂರಿಗೆ ವರ್ಗವಾಗುವುದೇ ಹೊರತು ತೀರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಮಂಗವನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಬೆಳೆಯ ನಷ್ಟ ಹಾಗಿರಲಿ. ಸೊರಬ, ಶಿಕಾರಿಪುರಗಳ ಜಮೀನುದಾರರು ಮರೆಯಬಾರದ ಸಂಗತಿ ಇನ್ನೊಂದಿದೆ. 1957ನೆಯ ಇಸವಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಗುಂಪುಗುಂಪಾಗಿ ಸತ್ತುಬಿದ್ದುವು. ಅದರೊಡನೆಯೇ ಸುತ್ತಣ ಹಳ್ಳಿಗಳ ಜನರಿಗೆ ಕಡುಜ್ವರ ಹತ್ತಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಅದುವರೆಗೆ ಎಲ್ಲಿಯೂ ಕಾಣದಿದ್ದ ವೈರಾಣುವಿನ ರೋಗವೆಂದು ಕಂಡುಕೊಂಡರು. ಲೋಕವೆಲ್ಲ ಅದನ್ನು ಕ್ಯಾಸನೂರಿನ ಹೆಸರಿನಿಂದಲೇ ಕರೆಯುತ್ತದೆ. ನಮ್ಮವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಹೆಸರು ಮಂಗನದಾದರೂ ರೋಗವನ್ನು ಮನುಷ್ಯನಿಗೆ ಮುಟ್ಟಿಸುವುದು ಮುಖ್ಯವಾಗಿ ಉಣುಗು. ಮಂಗವು ಸತ್ತೊಡನೆ ಅದರ ಮೈಯ ಉಣುಗುಗಳು ನೆಲಕ್ಕಿಳಿದು, ಆ ಜಾಗವೇ ರೋಗದ ನೆಲೆಯಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಿ ಉಣುಗುಗಳ ಹಾವಳಿ ಹೆಚ್ಚು. ಅವು ಎಷ್ಟು ಸಣ್ಣವೆಂದರೆ ಕಚ್ಚಿದುದೇ ತಿಳಿಯುವುದಿಲ್ಲ. ಕಾಡಿನಲ್ಲಿ ಮೇಯುವ ದನಗಳು ತಾವು ಈ ಜ್ವರದಿಂದ ಬಳಲದಿದ್ದರೂ ಬೆಳೆದ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನ ತರಗೆಲೆಯನ್ನು ಗುಡಿಸಿ ತರುವ ವಾಡಿಕೆಯಿದೆಯಷ್ಟೆ; ಗೊಬ್ಬರಕ್ಕೆ ಅದು ಒಳ್ಳೆಯದೇ, ಆದರೆ ಉಣುಗು ಮನೆಬಾಗಿಲಿಗೆ ಬರಲು ಅದಕ್ಕಿಂತ ಸುಲಭವಾದ ದಾರಿಯಿಲ್ಲ. ಮಂಗಗಳು ಸತ್ತ ವರ್ಷ ಆ ಕಡೆಯ ತರಗನ್ನು ಮುಟ್ಟದೆ, ಬತ್ತದ ಹುಲ್ಲನ್ನೇ ಹಾಸಿದರೆ ಸಾಕು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು ತೋರುವುವು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತವೂ ಬರುವುದು. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಮೀಸಲಾದ ಔಷಧವಿಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡದೆ 2022ರಲ್ಲಿ ನಿಂತುಹೋಯಿತು. ಹಾಗೆಂದು ಕೈಚೆಲ್ಲಬೇಕಾದುದಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಬಹುಮಂದಿ ಗುಣ ಹೊಂದುತ್ತಾರೆ. ರೋಗಿಯ ಉಪಚಾರ ಮಾಡುವವರಿಗೆ ಇದು ಅಂಟುವುದಿಲ್ಲವಾದ್ದರಿಂದ ಯಾರನ್ನೂ ದೂರವಿಡಬೇಕಾಗಿಲ್ಲ.

ಹಿತ್ತಲಲ್ಲಾಗಲಿ ತೋಟದಲ್ಲಾಗಲಿ ಮಂಗ ಸತ್ತುದು ಕಂಡರೆ ಕರುಣೆಯಿಂದ ತಾವೇ ಹೂಳಲು ಹೋಗಕೂಡದು. ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಬೇಕು. ಅವರು ಪರೀಕ್ಷೆಗೆ ಮಾದರಿ ತೆಗೆದು ಕಳೇಬರವನ್ನು ಸುಡುತ್ತಾರೆ. ಸುತ್ತ 50 ಅಡಿಯವರೆಗೆ ಕೀಟನಾಶಕ ಪುಡಿಯನ್ನು ಎರಚಿಸುತ್ತಾರೆ. ಕಾಡಿಗೆ ಹೋಗಲೇಬೇಕಾದ ಆಳುಕಾಳುಗಳಿಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಜಮೀನುದಾರರೇ ತರಿಸಿಟ್ಟು ಕೈಕಾಲಿಗೆ ಹಚ್ಚಿಸಿ ಕಳುಹಿಸತಕ್ಕದ್ದು. ಮರಳಿ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿಸಬೇಕು. ದನಗಳ ಮೈಮೇಲಿನ ಉಣುಗಿಗೆ ಪಶುವೈದ್ಯರು ಹೇಳಿದ ಔಷಧವನ್ನು ಚಳಿಗಾಲಕ್ಕೆ ಮುನ್ನವೇ ಹಾಕಿಸುವುದು ಲೇಸು.