ಆರು ವರ್ಷದೊಳಗೆ ಕಲಿತ ಪಾಠ

ಕ್ಯಾಸನೂರು ಅಂದ್ರೆ ನಮ್ಮ ವೀಕ್ಷಕರಿಗೆ ತಕ್ಷಣ ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಊರಿನ ಹೆಸರೇ ರೋಗದ ಹೆಸರಾಯ್ತು. ಆದರೆ ಸೊರಬ-ಶಿಕಾರಿಪುರದ ಈ ಸೀಮೆಗೆ ಇನ್ನೊಂದು ಗುರುತೂ ಇದೆ. 12ನೇ ಶತಮಾನದ ಅಕ್ಕಮಹಾದೇವಿಯ ಉಡುತಡಿ ಇರೋದು ಶಿಕಾರಿಪುರ ತಾಲ್ಲೂಕಿನಲ್ಲೇ.

ಮಕ್ಕಳಿಗೆ ನಾವು ಅಕ್ಕನ ಕಥೆ ಹೇಳ್ತೀವಿ. ಭಕ್ತಿಯನ್ನ ನಿಧಾನವಾಗಿ ಹೇಳ್ತೀವಿ. ರಾಜ ಕೌಶಿಕನನ್ನೇ ಬೇಡ ಅಂತ ಬಿಟ್ಟು ಹೊರಟಿದ್ದನ್ನ ಬೇಗ ಮುಗಿಸ್ತೀವಿ. ಕಲ್ಯಾಣದಲ್ಲಿ ಅಕ್ಕನಿಗೆ ಕಠಿಣ ಪ್ರಶ್ನೆ ಹಾಕಿದ್ದು ಅಲ್ಲಮಪ್ರಭು. ಅವರ ಬಳ್ಳಿಗಾವಿಯೂ ಇದೇ ತಾಲ್ಲೂಕು. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗ ಓದಿ ನೋಡಿ, ಅಕ್ಕ ಎದುರು ನಿಂತು ಉತ್ತರ ಕೊಡ್ತಾರೆ. ಅದೇ ನಮ್ಮ ಮನೆ ಹುಡುಗಿ ಎದುರು ಮಾತಾಡಿದ್ರೆ? ಗಂಡುಬೀರಿ. ಹುಡುಗ ಅಡುಗೆಮನೆಯಲ್ಲೇ ಕೂತರೆ? ಹೆಣ್ಣಿಗ. ಅಆಇಈ ಕಲಿಯೋಕೆ ಮೊದಲೇ ಮಕ್ಕಳು ಈ ಎರಡು ಪದ ಕಲಿತಿರ್ತಾರೆ.

2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ತುಂಬಾ ತುಂಬಾ ಬುದ್ಧಿವಂತರು ಯಾರು ಅಂತ ಮಕ್ಕಳನ್ನ ಕೇಳಿದ್ರು. ಐದು ವರ್ಷದ ಹುಡುಗಿಯರು, ಹುಡುಗರ ಹಾಗೇ, ತಮ್ಮವರನ್ನೇ ತೋರಿಸಿದ್ರು. ಆರು, ಏಳು ವರ್ಷದ ಹುಡುಗಿಯರಲ್ಲಿ ಆ ಧೈರ್ಯ ಇಳಿದಿತ್ತು. ಒಂದೇ ವರ್ಷದ ಅಂತರ!

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯೂ ಆರು ವರ್ಷದಿಂದಲೇ ಲೆಕ್ಕ ಹಿಡಿಯುತ್ತೆ. 2024ರ ಲೆಕ್ಕ ಕೇಳಿ. ಸಂಬಳ ಇಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 289 ನಿಮಿಷ ದುಡೀತಾರೆ, ಗಂಡಸರು 88 ನಿಮಿಷ.

ಅಂದ್ರೆ ನಮಗೆ ಸಿಗೋದು ಅಂಗನವಾಡಿಯ ವಯಸ್ಸು, ಮೂರರಿಂದ ಆರು. ಅಲ್ಲೂ ಪಾಠ ಹೇಳೋ ಟೀಚರ್ ಹೆಂಗಸು, ಅಡುಗೆ ಮಾಡೋ ಸಹಾಯಕಿ ಹೆಂಗಸು. ಮಕ್ಕಳು ನೋಡಿ ಕಲೀತಾರೆ, ಕೇಳಿ ಅಲ್ಲ. ಎಂಜಿನಿಯರಿಂಗ್ ಭಾಷೆಯಲ್ಲಿ ಇದು ಡಿಫಾಲ್ಟ್ ಸೆಟ್ಟಿಂಗ್. ಯಾರೂ ಒತ್ತದೆ ತಾನಾಗೇ ಕೂತಿರುತ್ತೆ.

ಹಾಗಾದ್ರೆ ಏನ್ ಮಾಡ್ಬೇಕು? ನಾಲ್ಕು ವರ್ಷದ ಮಗುವಿಗೆ ಸಮಾನತೆ ಅನ್ನೋ ಪದ ಬೇಡ. ಕಸಬರಿಗೆ ಅಣ್ಣನ ಕೈಗೂ ಬರಲಿ, ಸೈಕಲ್ ಚೈನ್ ಬಿದ್ದಾಗ ತಂಗಿಯನ್ನೂ ಕರೀರಿ. ಹುಡುಗ ಅತ್ತಾಗ 'ಹುಡುಗೀರ ಥರ ಅಳ್ಬೇಡ' ಅನ್ನೋ ಬದಲು ಎಲ್ಲಿ ನೋವಾಯ್ತು ಅಂತ ಕೇಳಿ. 2024ರಲ್ಲಿ ಕೇರಳದ ಮೂರನೇ ತರಗತಿ ಪುಸ್ತಕದಲ್ಲಿ ಅಪ್ಪ ಕಾಯಿ ತುರಿಯೋ ಚಿತ್ರ ಬಂದಾಗ ಅದು ಸುದ್ದಿಯಾಯ್ತು. ನನಗೆ ನಗು ಬಂತು. ನಮ್ಮ ಮಲೆನಾಡಿನ ಮದುವೆಮನೆಗಳಲ್ಲಿ ಸಾವಿರ ಜನಕ್ಕೆ ಬೇಯಿಸಿ ಹಾಕೋ ಅಡುಗೆ ಭಟ್ಟರು ಗಂಡಸರಲ್ವಾ? ಕೂಲಿ ಸಿಕ್ಕರೆ ಸೌಟು ಗಂಡಸಿನದು, ಸಿಗದಿದ್ರೆ ಹೆಂಗಸಿನದು.

ಇಷ್ಟೆಲ್ಲ ಸ್ಟುಡಿಯೋದಲ್ಲಿ ಹೇಳಿ ರಾತ್ರಿ ಮನೆಗೆ ಹೋಗ್ತೀನಿ. ಉಂಡು ತಟ್ಟೆ ಅಲ್ಲೇ ಬಿಟ್ಟು ಏಳೋದು ನನ್ನ ಹಳೇ ಅಭ್ಯಾಸ, ಅಮ್ಮ ಎತ್ತುತ್ತಾರೆ. ಪಕ್ಕದಲ್ಲಿ ಕೂತು ಮಗಳು ನೋಡ್ತಿರ್ತಾಳೆ. ಅವಳಿಗೆ ಈಗ ನಾಲ್ಕು ವರ್ಷ.