ಹವಾಮಾನ ಬದಲಾವಣೆಗೆ ಎಲ್ಲೆಡೆ ಗಿಡ ನೆಡುವುದೇ ಪರಿಹಾರವೇ? ಚಳ್ಳಕೆರೆ, ಮೊಳಕಾಲ್ಮುರಿನ ಹುಲ್ಲುಗಾವಲು ಹೇಳುವುದೇನು?

ಸಂಕ್ಷಿಪ್ತ ಉತ್ತರ

ಅಲ್ಲ. ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿ, ಹಾಳಾದ ಕಡೆ ಚೇತರಿಸಿಕೊಳ್ಳಲು ಬಿಡುವುದೇ ಬರ ಎದುರಿಸುವ ಉತ್ತಮ ದಾರಿ.

ಒಂದೇ ಮದ್ದು ಎಲ್ಲ ಊರಿಗೂ ಆಗುತ್ತದೆಯೇ?

ಕುಂದಾಪುರ, ಹೊನ್ನಾವರದ ಅಳಿವೆಗಳಲ್ಲಿ ಕಾಂಡ್ಲಾ ಗಿಡ ಬೆಳೆಸುವುದರಲ್ಲಿ ಅರ್ಥವಿದೆ. ಅದರ ಬೇರು ಅಲೆಗಳ ಹೊಡೆತ ತಗ್ಗಿಸುತ್ತದೆ, ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಮಾತ್ರ ರಾಜ್ಯದ ಅತಿ ಒಣ ತಾಲ್ಲೂಕುಗಳ ಸಾಲಿನಲ್ಲಿವೆ. ಕರಾವಳಿಯಲ್ಲಿ ಕಾಂಡ್ಲಾ ಮಾಡುವ ಕೆಲಸವನ್ನು ಇಲ್ಲಿ ಹುಲ್ಲು ಮಾಡುತ್ತದೆ.

ಕಾವಲು ಬಂಜರು ಭೂಮಿಯೇ?

ಇದು ತಪ್ಪು ಕಲ್ಪನೆ. ಸರ್ಕಾರಿ ನಕ್ಷೆಗಳಲ್ಲೂ ದೇಶದ ಎಷ್ಟೋ ಹುಲ್ಲುಗಾವಲುಗಳು ‘ಬಂಜರು’ ಎಂದೇ ದಾಖಲಾಗಿವೆ. ಆದರೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿಗೆ ಶತಮಾನಗಳ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಈ ಕಾವಲುಗಳು ಕೃಷ್ಣಮೃಗಗಳ ನೆಲೆಯೂ ಹೌದು. ಕುರಿಗಾಹಿಗಳು, ಕಂಬಳಿ ನೇಯುವವರು, ಮ್ಯಾಸ ನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು, ಎಲ್ಲರ ಬದುಕೂ ಮೇವನ್ನೇ ನಂಬಿದೆ.

ಹುಲ್ಲು ಬರವನ್ನು ಹೇಗೆ ತಡೆದುಕೊಳ್ಳುತ್ತದೆ?

ಬೇಸಿಗೆಯಲ್ಲಿ ಮೇಲಿನ ಗರಿ ಒಣಗಿದರೂ ಬುಡ ಸಾಯುವುದಿಲ್ಲ, ಮೊದಲ ಮಳೆಗೇ ಚಿಗುರುತ್ತದೆ. ಒತ್ತಾದ ಬೇರು ಮಣ್ಣನ್ನು ಹಿಡಿದಿಟ್ಟು, ಜೋರು ಮಳೆಯ ನೀರು ಹರಿದು ಹೋಗುವ ಬದಲು ಇಂಗುವಂತೆ ಮಾಡುತ್ತದೆ. ಹುಲ್ಲುಗಾವಲಿನ ಇಂಗಾಲದ ಬಹುಪಾಲು ನೆಲದೊಳಗೇ ಇರುವುದರಿಂದ ಬೆಂಕಿ ಬಿದ್ದರೂ ಉಳಿಯುತ್ತದೆ. ಬರ ಮತ್ತು ಕಾಡ್ಗಿಚ್ಚು ಹೆಚ್ಚಿದರೆ ಕ್ಯಾಲಿಫೋರ್ನಿಯಾದಲ್ಲಿ ಕಾಡಿಗಿಂತ ಹುಲ್ಲುಗಾವಲೇ ಇಂಗಾಲವನ್ನು ಭದ್ರವಾಗಿ ಹಿಡಿದಿಡಬಲ್ಲದು ಎಂದು ಅಲ್ಲಿನ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ.

ಹಾಗಾದರೆ ಕಾವಲಿಗೆ ಅಪಾಯ ಯಾವುದರಿಂದ?

ಒಂದು, ಭೂಮಿ ಕೈತಪ್ಪುವುದು. ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣೆ, ಸಂಶೋಧನೆಯ ಸಂಸ್ಥೆಗಳಿಗೆ ಹಂಚಿಕೆಯಾಗಿ, ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಗಿತ್ತು. ಎರಡು, ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮರ ಹಬ್ಬಿದ ಕಡೆ ಹುಲ್ಲು ಹಿಂದೆ ಸರಿಯುತ್ತದೆ. ಉಳಿದ ಜಾಗ ಕಿರಿದಾದಷ್ಟೂ ಅಲ್ಲೇ ಮತ್ತೆ ಮತ್ತೆ ಮೇಯಿಸಬೇಕಾಗಿ ಹುಲ್ಲಿನ ಬುಡವೂ ಸವೆಯುತ್ತದೆ. ಮೇವು ಮುಗಿದಾಗ ಉಳಿಯುವ ದಾರಿ ಎರಡೇ: ಗೋಶಾಲೆ, ಇಲ್ಲವೇ ದನ ಮಾರುವುದು.

ಏನು ಮಾಡಬಹುದು?

• ಬಳ್ಳಾರಿ ಜಾಲಿಯನ್ನು ಬರೀ ಕಡಿದರೆ ಮತ್ತೆ ಚಿಗುರುತ್ತದೆ, ಬೇರುಸಮೇತ ಕೀಳಬೇಕು.
• ತೆರವಾದ ಜಾಗದಲ್ಲಿ ಮಳೆಗೆ ಮುಂಚೆ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಬೇಕು.
• ಕಾವಲನ್ನು ಭಾಗ ಮಾಡಿ, ಸರದಿಯಂತೆ ಮೇಯಿಸಬೇಕು. ಹುಲ್ಲು ಬೀಜ ಕಟ್ಟುವವರೆಗೆ ಒಂದು ಭಾಗಕ್ಕೆ ಬಿಡುವು ಬೇಕು.
• ಯಾವ ಭಾಗಕ್ಕೆ ಯಾವಾಗ ಬಿಡುವು ಎಂಬುದನ್ನು ದನಕುರಿ ಕಾಯುವವರನ್ನು ಕೇಳಿಯೇ ತೀರ್ಮಾನಿಸಬೇಕು.

ಕೊನೆಯದಾಗಿ

ನಾವು ಗಿಡ ನೆಡುವುದು ಬೇಡ ಎನ್ನುತ್ತಿಲ್ಲ. ಹೊಲದ ಬದು, ಊರಿನ ರಸ್ತೆ, ಶಾಲೆಯ ಅಂಗಳದಲ್ಲಿ ಬೇವು, ಹೊಂಗೆ ಖಂಡಿತ ಬೇಕು. ಆದರೆ ವನಮಹೋತ್ಸವಕ್ಕೆ ನಿಮ್ಮೂರ ಕಾವಲಿನಲ್ಲಿ ಗುಂಡಿ ತೋಡಲು ಬಂದರೆ, ಅಲ್ಲಿ ಈಗ ಏನು ಬೆಳೆಯುತ್ತಿದೆ, ಅದನ್ನು ಯಾರ ದನ ಮೇಯುತ್ತಿವೆ ಎಂದು ಮೊದಲು ಕೇಳಿ.